ಕಣಕ್ಕೆ ಗಾಳಿ ತಂದ ಇಂಜಿನ್ನು

೧೯೭೪ರ ಸಂಕ್ರಾಂತಿ ಕಳೆದ ಮೇಲೆ ಬ್ಯಾಡರಹಳ್ಳಿಯಲ್ಲಿ ಹತ್ತು ದಿನ ಗಾಳಿಯೇ ಆಡಲಿಲ್ಲ. ಅಕ್ಕಯ್ಯಮ್ಮನ ಕಣದಲ್ಲಿ ಒಕ್ಕಣೆ ಮುಗಿದಿತ್ತು. ಗುಂಡುಕಲ್ಲು ಓಡಿಸಿ, ಹುಲ್ಲನ್ನು ಕೊಡವಿ ಬೇರೆ ಮಾಡಿ, ಕಾಳೂ ಹೊಟ್ಟೂ ಬೆರೆತ ರಾಗಿಯನ್ನು ಕಣದ ನಡುವೆ ಗುಡ್ಡೆ ಹಾಕಿದ್ದರು. ಉಳಿದದ್ದು ತೂರುವ ಕೆಲಸ ಒಂದೇ. ಮೊರದಲ್ಲಿ ತುಂಬಿಕೊಂಡು ತಲೆಯ ಎತ್ತರದಿಂದ ಸುರಿದರೆ ಕಾಳು ಕೆಳಗೆ ಬಿದ್ದು ಹೊಟ್ಟು ಆಚೆ ಹಾರಿಹೋಗಬೇಕು. ಅದಕ್ಕೆ ಗಾಳಿ ಬೇಕು. ಗಾಳಿ ಇರಲಿಲ್ಲ, ಆದರೆ ಮೂರು ದಿನದಿಂದ ಮಾಗಡಿ ಕಡೆ ಮೋಡ ಕಟ್ಟುತ್ತಿತ್ತು. ಈಗ ಒಂದು ಹದ ಮಳೆ ಬಿದ್ದರೂ ರಾಗಿ ಕಣದಲ್ಲೇ ಮುಗ್ಗಿಹೋಗುತ್ತಿತ್ತು.

ಅಕ್ಕಯ್ಯಮ್ಮನಿಗೆ ಆಗ ನಲವತ್ತೈದು ವರ್ಷ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮೂರೂವರೆ ಎಕರೆ ಹೊಲವನ್ನು ಅವಳೇ ನಿಂತು ಮಾಡಿಸುತ್ತಿದ್ದಳು. ಆ ವರ್ಷ ಅವಳು ಊರಿನವರೆಲ್ಲ ನಗುವಂಥ ಒಂದು ಕೆಲಸ ಮಾಡಿದ್ದಳು. ನಾಗರಭಾವಿ ಕಡೆಯ ದ್ರಾಕ್ಷಿ ತೋಟದವರು ಬಳ್ಳಿ ಕಿತ್ತುಹಾಕಿದಾಗ, ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪೆಟ್ರೋಲ್ ಇಂಜಿನ್ನಿನ ಯಂತ್ರವೊಂದನ್ನು ಕೊಟ್ಟಿಗೆಯ ಮೂಲೆಗೆ ಎಸೆದಿದ್ದರು. ಅವಳು ಎರಡು ಗಾಡಿ ಹುಲ್ಲು ಕೊಟ್ಟು ಅದನ್ನು ಮನೆಗೆ ತಂದಳು. ಹಿಂದೆ ಯಾವಾಗಲೋ ಆ ತೋಟಕ್ಕೆ ಹೋಗಿದ್ದಾಗ ಆಳೊಬ್ಬ ಔಷಧಿ ತೀರಿದ ಮೇಲೂ ಯಂತ್ರ ನಿಲ್ಲಿಸದೆ ಅದರ ಕೊಳವೆಯನ್ನು ನೆಲದ ಕಡೆ ಹಿಡಿದಿದ್ದ. ಬಳ್ಳಿಯ ಕೆಳಗೆ ಬಿದ್ದಿದ್ದ ಒಣ ಎಲೆಗಳೆಲ್ಲ ಬೇಲಿಯ ತನಕ ಹಾರಿಹೋಗಿದ್ದವು. ಎಲೆ ಹಾರಿಸುವ ಗಾಳಿ ಹೊಟ್ಟು ಹಾರಿಸುವುದಿಲ್ಲವೇ ಎಂದು ಅವಳಿಗೆ ಅಂದೇ ಅನ್ನಿಸಿತ್ತು.

ಗಂಡನ ಅಣ್ಣ ದೊಡ್ಡಹನುಮಯ್ಯನದು ಪಕ್ಕದ ಕಣ. ಕೆಟ್ಟ ಯಂತ್ರಕ್ಕೆ ಒಳ್ಳೆಯ ಹುಲ್ಲು ಕೊಟ್ಟಳು ನನ್ನ ತಮ್ಮನ ಹೆಂಡತಿ ಎಂದು ಅವನು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಗ್ಗ ಎಳೆದರೆ ಇಂಜಿನ್ನು ಹೊತ್ತಿಕೊಳ್ಳುತ್ತಿತ್ತು, ನಿಧಾನವಾಗಿ ಪಟಪಟ ಎನ್ನುತ್ತಿತ್ತು. ವೇಗ ಕೊಟ್ಟ ಕೂಡಲೇ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತಿತ್ತು. ಒಂದು ಗ್ಯಾರೇಜಿನವನು ಪ್ಲಗ್ಗು ಬದಲಿಸಿದ. ಇನ್ನೊಬ್ಬ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಪೆಟ್ರೋಲು ಹೆಚ್ಚಿಗೆ ಬರಲೆಂದು ಒಳಗಿನ ಸೂಜಿಯನ್ನು ಎತ್ತರಿಸಿ ಕೂರಿಸಿದ. ಎರಡು ದಿನವಾದ ಮೇಲೆ, ಇದು ಗುಜರಿಗೆ ಹೋಗೋ ಮಾಲು ಎಂದು ಅವನೂ ಕೈಬಿಟ್ಟ.

ಮೋಡ ಕಟ್ಟಿದ ಮೂರನೆಯ ದಿನ ಅಕ್ಕಯ್ಯಮ್ಮ ಯಂತ್ರವನ್ನು ಗೋಣಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ಮಾಗಡಿ ರಸ್ತೆಯ ಬಸ್ಸು ಹತ್ತಿ ಬೆಂಗಳೂರಿನ ಟೋಲ್‌ಗೇಟಿನಲ್ಲಿ ಇಳಿದಳು. ಅಲ್ಲಿ ಪಂಕ್ಚರ್ ಹಾಕುವವನೊಬ್ಬ ಅವಳಿಗೆ ಜಂಬಣ್ಣನ ಅಂಗಡಿ ತೋರಿಸಿದ. ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಟೂ ಸ್ಟ್ರೋಕ್ ಇಂಜಿನ್ನು ಯಾವುದೇ ಇರಲಿ, ವಿಜಯನಗರದಲ್ಲಿ ಅವನನ್ನು ಮೀರಿಸುವವರಿಲ್ಲ ಅಂದ. ಈಚೆಗೆ ಯಾಕೋ ಅವನಿಗೆ ಕೆಲಸದಲ್ಲಿ ಮನಸ್ಸಿಲ್ಲ ಎಂದೂ ಸೇರಿಸಿದ.

ಜಂಬಣ್ಣ ಸಿರುಗುಪ್ಪದ ಕಡೆಯವನು. ಇಪ್ಪತ್ತೆರಡು ವರ್ಷದ ಹಿಂದೆ ಬೆಂಗಳೂರಿಗೆ ಬಂದು, ಮೋಟಾರ್‌ಸೈಕಲ್ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಆಮೇಲೆ ವಿಜಯನಗರದಲ್ಲಿ ಸ್ವಂತ ಶೆಡ್ಡು ಹಾಕಿದ್ದ. ಸ್ಕೂಟರು ತಿರುವಿನಲ್ಲಿ ಬರುವಾಗಲೇ ಅದರ ರೋಗ ಹೇಳುತ್ತಿದ್ದ ಮನುಷ್ಯ ಅವನು. ಎರಡು ವರ್ಷದಿಂದ ಅವನ ಕಿವಿ ಹೋಗುತ್ತಿತ್ತು. ಮೊದಲು ಹಕ್ಕಿಯ ಸದ್ದು ನಿಂತಿತು, ಆಮೇಲೆ ಚೈನಿನ ಕಿರುಗುಟ್ಟುವಿಕೆ, ಆಮೇಲೆ ಇಂಜಿನ್ನಿನ ಸಣ್ಣ ಸ್ವರಗಳು. ಇಷ್ಟು ವರ್ಷ ಗದ್ದಲದಲ್ಲಿ ಕೂತು ನರ ಸತ್ತಿದೆ, ಅದು ತಿರುಗಿ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಈ ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿ ನೀಲಮ್ಮನಿಗೆ ಮಾತ್ರ. ಅವನು ಟ್ಯೂನ್ ಮಾಡಿದ ಸ್ಕೂಟರುಗಳು ಹೊಗೆ ಕಾರುತ್ತ ವಾಪಸು ಬರತೊಡಗಿದ ಮೇಲೆ ಟ್ಯೂನಿಂಗಿಗೆ ಈಗ ಪುರುಸೊತ್ತಿಲ್ಲ ಎಂದು ಹೇಳುತ್ತ, ಬ್ರೇಕು, ಕ್ಲಚ್ಚು, ಕೇಬಲ್ಲುಗಳ ಕೆಲಸವನ್ನಷ್ಟೇ ಇಟ್ಟುಕೊಂಡಿದ್ದ. ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದ.

ಅಕ್ಕಯ್ಯಮ್ಮನಿಗೂ ಅವನು ಪುರುಸೊತ್ತಿಲ್ಲ ಎಂದೇ ಹೇಳಿದ. ಅವಳು ಹೋಗಲಿಲ್ಲ. ಗೋಣಿ ಬಿಚ್ಚಿ ಯಂತ್ರವನ್ನು ಅವನ ಬೆಂಚಿನ ಮೇಲೆ ಇಟ್ಟು, ತನ್ನ ಕಣದ ಕಥೆ ಹೇಳಿದಳು. ಗಾಳಿ ಇಲ್ಲದ ಕಣಕ್ಕೆ ಇಂಜಿನ್ನಿನಿಂದ ಗಾಳಿ ಹಾಕುವ ಯೋಚನೆ ಕೇಳಿ ಜಂಬಣ್ಣ ಮೊದಲ ಬಾರಿಗೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಅಂಥ ಕೆಲಸಕ್ಕೆ ಇಂಜಿನ್ನು ತಂದವರನ್ನು ಅವನು ಇದುವರೆಗೆ ಕಂಡಿರಲಿಲ್ಲ.

ಓಡುವ ಹಾಗೆ ಮಾಡಿಕೊಡುತ್ತೇನೆ, ಟ್ಯೂನಿಂಗು ಬೇರೆ ಎಲ್ಲಾದರೂ ಮಾಡಿಸಿಕೊಳ್ಳಿ ಎಂದು ಹೇಳಿ ಕೆಲಸಕ್ಕೆ ಕೂತ.

ಪ್ಲಗ್ಗು ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ ಹಗ್ಗ ಎಳೆದ. ಬೆರಳನ್ನು ಒಳಗಿನ ಒತ್ತಡ ಬಲವಾಗಿ ನೂಕಿತು. ಪಿಸ್ಟನ್ನು, ರಿಂಗು ಚೆನ್ನಾಗಿವೆ ಎಂದು ತಲೆಯಾಡಿಸಿದ. ಬಿಚ್ಚಿದ ಪ್ಲಗ್ಗಿನ ತುದಿಯನ್ನು ಬೆಳಕಿಗೆ ಹಿಡಿದು ಅವಳಿಗೆ ತೋರಿಸಿದ. ಅದು ಸುಣ್ಣದ ಹಾಗೆ ಬೆಳ್ಳಗೆ ಸುಟ್ಟಿತ್ತು. ಸರಿಯಾಗಿ ಓಡುವ ಇಂಜಿನ್ನಿನ ಪ್ಲಗ್ಗು ಕಾಫಿಪುಡಿಯ ಬಣ್ಣಕ್ಕೆ ಇರಬೇಕು. ಬಿಳುಪು ಅಂದರೆ ಒಳಗೆ ಪೆಟ್ರೋಲು ಸಾಲದು, ಇಲ್ಲವೇ ಗಾಳಿ ಹೆಚ್ಚು ಎಂದು ವಿವರಿಸಿದ. ಪೆಟ್ರೋಲು ಬರುವ ದಾರಿಯನ್ನು ತಲೆಯಿಂದ ಬುಡದ ತನಕ ನೋಡಿದ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಬಿಟ್ಟ ಸಣ್ಣ ತೂತನ್ನು ಕಣಜ ಮಣ್ಣು ಮೆತ್ತಿ ಮುಚ್ಚಿಬಿಟ್ಟಿತ್ತು. ತಂತಿಯಿಂದ ಅದನ್ನು ಬಿಡಿಸಿದ. ಹೊಗೆ ಹೋಗುವ ಸೈಲೆನ್ಸರಿನ ಬಾಯಿಯಲ್ಲಿ ಇದ್ದಿಲು ಕಟ್ಟಿತ್ತು, ಕೆರೆದು ತೆಗೆದ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಚಿಮ್ಮುವ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ತೂತು ಶುದ್ಧವಾಗಿತ್ತು.

ಇಷ್ಟಾದ ಮೇಲೆ ಹಗ್ಗ ಎಳೆದರೆ ಇಂಜಿನ್ನು ಮೊದಲಿಗಿಂತ ಜೋರಾಗಿ ಹೊತ್ತಿಕೊಂಡಿತು. ಅಕ್ಕಯ್ಯಮ್ಮನ ಮುಖ ಅರಳಿತು. ವೇಗ ಕೊಟ್ಟು ಅರ್ಧ ನಿಮಿಷವಾಗುವಷ್ಟರಲ್ಲಿ ಅದು ಮತ್ತೆ ಉಸಿರು ಕಟ್ಟಿ ನಿಂತಿತು. ಇನ್ನೊಮ್ಮೆ ಎಳೆದರು. ಈ ಸಲ ಕೈಬಿಟ್ಟರೂ ತಾನಾಗಿ ವೇಗ ಹೆಚ್ಚಿಸಿಕೊಂಡು, ಚೀರಿ ಸತ್ತಿತು.

ಎಲ್ಲೋ ಕಳ್ಳಗಾಳಿ ಹೊಗುತ್ತಿದೆ ಎಂದು ಜಂಬಣ್ಣನಿಗೆ ಗೊತ್ತಾಯಿತು. ಎಲ್ಲಿ ಎಂದು ತಿಳಿಯಲು ಅವನಿಗೆ ಮೊದಲಾದರೆ ಕಿವಿ ಸಾಕಿತ್ತು. ಈಗ ಇಂಜಿನ್ನಿನ ಬದಿಯಲ್ಲಿದ್ದ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ, ಬೆರಳನ್ನು ಒಂದೊಂದು ಜೋಡಣೆಯ ಮೇಲೂ ಇಟ್ಟು ನೋಡಿದ. ಬೆರಳಿಗೆ ಏನೂ ಸಿಗಲಿಲ್ಲ. ಅವನ ಬೆನ್ನ ಹಿಂದೆ ನಿಂತಿದ್ದ ಅಕ್ಕಯ್ಯಮ್ಮ ಏನೋ ಹೇಳಿದಳು, ಅವನು ತಿರುಗಲಿಲ್ಲ. ಎರಡನೆಯ ಸಲ ಹೇಳಿದಳು. ಆಮೇಲೆ ಬೆಂಚಿನ ಎದುರಿಗೆ ಬಂದು, ಬಗ್ಗಿ ಕಿವಿ ಹತ್ತಿರ ತಂದು, ಚಕ್ರದ ಹಿಂಭಾಗಕ್ಕೆ ಬೆರಳು ತೋರಿಸಿದಳು.

“ನೀವು ತಿರುಗಿಸ್ದಾಗೆಲ್ಲ ಇಲ್ಲಿ ಉಸ್ ಅಂತದೆ ಅಣ್ಣ. ಆಗ್ಲಿಂದ ಹೇಳ್ತಾ ಇದೀನಿ. ನಿಮಗೆ ಕೇಳಿಸ್ತಿಲ್ವಾ?”

ಜಂಬಣ್ಣ ಚಕ್ರ ಬಿಟ್ಟ. ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಎರಡು ವರ್ಷ ಹೆಂಡತಿಯ ಹೊರತು ಯಾರಿಗೂ ಹೇಳದ ಮಾತು ಗುರುತಿಲ್ಲದ ಹೆಂಗಸಿನ ಮುಂದೆ ಅವನ ಬಾಯಿಂದ ಹೊರಬಿತ್ತು.

“ಕೇಳ್ಸಲ್ರೀ ತಾಯಿ. ಕಿವಿ ಹೋಗ್ಯಾವ. ಅದಕ್ಕಾ ಟ್ಯೂನಿಂಗ್ ಬಿಟ್ಟೀನಿ.”

ಅಕ್ಕಯ್ಯಮ್ಮ ಮರುಕ ತೋರಿಸಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಕಣದ ರಾಗಿ ಮತ್ತು ಮಾಗಡಿ ಕಡೆಯ ಮೋಡ. ಅವಳು ಕುಕ್ಕರಗಾಲಿನಲ್ಲಿ ಕೂತು, ಅವನಿಗೆ ತುಟಿ ಕಾಣುವಂತೆ ಮುಖ ಎತ್ತಿ ಹೇಳಿದಳು: “ನಂಗೆ ಕೇಳಿಸ್ತದಲ್ಲ. ನಾನು ಹೇಳ್ತೀನಿ, ನೀವು ಕೈ ಆಡ್ಸಿ.”

ಜಂಬಣ್ಣ ಎಣ್ಣೆಯ ಡಬ್ಬಿ ತೆಗೆದುಕೊಂಡು, ಚಕ್ರದಲ್ಲಿದ್ದ ಕಿಂಡಿಯೊಳಗಿಂದ ಅವಳು ತೋರಿಸಿದ ಜಾಗಕ್ಕೆ ದಪ್ಪ ಎಣ್ಣೆ ಬಿಟ್ಟ. ಚಕ್ರ ತಿರುಗಿಸಿದ. ಸದ್ದು ನಿಂತಿತು ಎಂದು ಅವಳು ಕೈಯಾಡಿಸಿದಳು. ಹತ್ತು ಸುತ್ತಿನ ಮೇಲೆ, ಮತ್ತೆ ಬಂತು ಎಂದಳು. ಅಷ್ಟು ಸಾಕಾಯಿತು, ಎಣ್ಣೆ ಗಳಿಗೆ ಹೊತ್ತು ಮುಚ್ಚಿದ್ದ ಸಂದು ಅಲ್ಲೇ ಇತ್ತು. ಅವನು ಚಕ್ರವನ್ನೇ ಕಳಚಿದ. ಅದರ ಹಿಂದೆ, ಇಂಜಿನ್ನಿನ ದಂಡ ಹೊರಗೆ ಬರುವ ಕಡೆ ಇರುವ ರಬ್ಬರಿನ ಆಯಿಲ್ ಸೀಲು ಒಣಗಿ ಚರ್ಮದಂತೆ ಗಟ್ಟಿಯಾಗಿತ್ತು. ಅದರ ಅಂಚು ಒಂದು ಕಡೆ ಉಗುರಿನಷ್ಟು ಹರಿದಿತ್ತು. ಆ ಸಂದಿನಿಂದ ಹೊಕ್ಕ ಗಾಳಿಯೇ ಇಂಜಿನ್ನಿನ ಉಸಿರು ಕಟ್ಟಿಸುತ್ತಿದ್ದದ್ದು. ಪ್ಲಗ್ಗು ಬದಲಿಸಿದವನಿಗೂ ಸೂಜಿ ಎತ್ತರಿಸಿದವನಿಗೂ ಅದು ಸಿಕ್ಕಿರಲಿಲ್ಲ. ಹರಿದ ಸೀಲನ್ನು ಅಂಗೈಯಲ್ಲಿ ಹಿಡಿದು ಅವನು ಜೋರಾಗಿ ನಕ್ಕ. ಬುತ್ತಿ ಹಿಡಿದು ಬಾಗಿಲಿಗೆ ಬಂದಿದ್ದ ನೀಲಮ್ಮ ಆ ನಗು ಕೇಳಿ ಹೊಸಲಲ್ಲೇ ನಿಂತಳು. ಅವನು ಹಾಗೆ ನಕ್ಕು ಬಹಳ ದಿನವಾಗಿತ್ತು.

ಆ ಯಂತ್ರದ ಸೀಲು ಬೆಂಗಳೂರಿನಲ್ಲಿ ಸಿಗುವಂತಿರಲಿಲ್ಲ. ಜಂಬಣ್ಣ ಅಳತೆ ತೆಗೆದು, ಅಂಗಡಿಯನ್ನು ನೀಲಮ್ಮನಿಗೆ ಒಪ್ಪಿಸಿ, ಮೋಟಾರು ಬಿಡಿಭಾಗ ಮಾರುವ ಜೆ.ಸಿ. ರಸ್ತೆಗೆ ಹೋದ. ನಾಲ್ಕು ಅಂಗಡಿ ಸುತ್ತಿ, ಯಾವುದೋ ಮೋಟಾರ್‌ಸೈಕಲ್ಲಿನ ಸೀಲು ಒಳಗೂ ಹೊರಗೂ ಅದೇ ಅಳತೆಗೆ ಇದ್ದದ್ದನ್ನು ಹುಡುಕಿ ತಂದ. ಅಷ್ಟು ಹೊತ್ತೂ ಅಕ್ಕಯ್ಯಮ್ಮ ಅಂಗಡಿಯಲ್ಲೇ ಕಾದಳು. ನೀಲಮ್ಮ ಕೊಟ್ಟ ರೊಟ್ಟಿ ತಿಂದಳು.

ಮಧ್ಯಾಹ್ನ ಮೂರಕ್ಕೆ ಹೊಸ ಸೀಲು ಕೂರಿಸಿ ಇಂಜಿನ್ನು ಹೊತ್ತಿಸಿದಾಗ ಅದು ನಿಲ್ಲಲಿಲ್ಲ. ಆದರೆ ನೀಲಿ ಹೊಗೆ ಕಕ್ಕಿತು. ಇಂಜಿನ್ನು ಓಡುವಾಗ ಮಾತು ನಡೆಯದ್ದರಿಂದ ಇಬ್ಬರೂ ಕೈಸನ್ನೆ ಗೊತ್ತುಮಾಡಿಕೊಂಡರು. ಗಂಟಲಲ್ಲಿ ಕಫ ಕಟ್ಟಿದಂತೆ ಗೊರಗೊರ ಅಂದರೆ ಅವಳು ಅಂಗೈ ಕೆಳಗೆ ಮಾಡಬೇಕು, ಅಂದರೆ ಪೆಟ್ರೋಲು ಹೆಚ್ಚು. ಕೀಚಲು ಸ್ವರಕ್ಕೆ ಹೋದರೆ ಅಂಗೈ ಮೇಲೆ, ಅಂದರೆ ಪೆಟ್ರೋಲು ಕಡಿಮೆ. ಅವಳು ಅಂಗೈ ಕೆಳಗೆ ಮಾಡಿದಳು. ಹಿಂದಿನವನು ಎತ್ತರಿಸಿದ್ದ ಸೂಜಿಯನ್ನು ಜಂಬಣ್ಣ ಅದರ ತಲೆಯಲ್ಲಿದ್ದ ಗೀರುಗಳ ಲೆಕ್ಕದಲ್ಲಿ ಎರಡು ಗೀರು ಇಳಿಸಿದ. ಹೊಗೆ ತೆಳುವಾಯಿತು. ಪೂರ್ತಿ ವೇಗದಲ್ಲಿ ಕೊಳವೆಯಿಂದ ಬಂದ ಗಾಳಿಗೆ ಶೆಡ್ಡಿನ ಕ್ಯಾಲೆಂಡರು ಮೊಳೆ ಸಮೇತ ಕಿತ್ತುಬಂತು. ಐದು ನಿಮಿಷ ಓಡಿಸಿ ಪ್ಲಗ್ಗು ಬಿಚ್ಚಿ ನೋಡಿದರು. ಕಾಫಿಪುಡಿಯ ಬಣ್ಣ. ಅವಳ ಕಿವಿ ಹೇಳಿದ್ದೂ ಅವನ ಕಣ್ಣು ಕಂಡದ್ದೂ ಒಂದೇ ಆಗಿತ್ತು.

ಮಾರನೆಯ ಬೆಳಗ್ಗೆ ಜಂಬಣ್ಣ ಸಾಮಾನಿನ ಚೀಲ ಹಿಡಿದು ತಾನೇ ಬ್ಯಾಡರಹಳ್ಳಿಗೆ ಬಂದ. ಯಾರೂ ಕರೆದಿರಲಿಲ್ಲ. ಆ ಇಂಜಿನ್ನು ರಾಗಿ ತೂರುವುದನ್ನು ನೋಡದೆ ಇರಲು ಅವನಿಂದ ಆಗಲಿಲ್ಲ.

ಕಣದ ಸುತ್ತ ಊರಿನ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಮೋಡ ಇನ್ನೂ ತಗ್ಗಿಗೆ ಇಳಿದಿತ್ತು. ಯಂತ್ರವನ್ನು ಮುಕ್ಕಾಲಿಯ ಮೇಲೆ ಕಟ್ಟಿ, ಕೊಳವೆಯನ್ನು ಕಣದ ಕಡೆ ತಿರುಗಿಸಿ, ಜಂಬಣ್ಣ ಹಗ್ಗ ಎಳೆದ. ಅಕ್ಕಯ್ಯಮ್ಮ ಮಣೆಯ ಮೇಲೆ ನಿಂತು ಮೊದಲ ಮೊರ ಸುರಿದಳು. ಹೊಟ್ಟು ಹಾರಿತು, ಅದರ ಜೊತೆ ಕಾಳೂ ಹಾರಿತು. ಒಂದು ಮೊರ ರಾಗಿ ಅಷ್ಟೂ ದೊಡ್ಡಹನುಮಯ್ಯನ ಹುಲ್ಲಿನ ಮೆದೆಗೆ ಹೋಗಿ ಬಡಿಯಿತು. ಜನ ನಕ್ಕರು. ಬಿತ್ತನೆ ಆಯ್ತು, ಇನ್ನು ಮಳೆ ಬಂದ್ರೆ ಸಾಕು ಎಂದು ದೊಡ್ಡಹನುಮಯ್ಯ ಗಟ್ಟಿಯಾಗಿಯೇ ಹೇಳಿದ.

ಅಕ್ಕಯ್ಯಮ್ಮ ಮಣೆಯಿಂದ ಇಳಿದಳು. ಇಂಜಿನ್ನಿನ ಒಳಗು ಅವಳಿಗೆ ತಿಳಿಯದು, ಆದರೆ ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳು ಗಾಳಿಗೆ ಮೊರ ಹಿಡಿದವಳು. ತೂರುವುದಕ್ಕೆ ಬಿರುಗಾಳಿ ಬೇಡ, ಒಂದೇ ಸಮನೆ ಬರುವ ಮೆತ್ತನೆಯ ಗಾಳಿ ಬೇಕು. ಮುಕ್ಕಾಲಿಯನ್ನು ಎಂಟು ಹೆಜ್ಜೆ ಹಿಂದಕ್ಕೆ ಇಡಿಸಿದಳು. ವೇಗವನ್ನು ಅರ್ಧಕ್ಕೆ ಇಳಿಸಲು ಹೇಳಿದಳು. ಈಗ ಕಾಳು ಹಾರಲಿಲ್ಲ. ಹೊಸ ತೊಂದರೆಯೊಂದು ಎದ್ದಿತು. ಅರ್ಧ ವೇಗದಲ್ಲಿ ಇಂಜಿನ್ನು ಗೊರಗೊರ ಅನ್ನುತ್ತಿತ್ತು, ಗಾಳಿ ಒಮ್ಮೆ ಬಲವಾಗಿ ಒಮ್ಮೆ ಬಡವಾಗಿ ಬರುತ್ತಿತ್ತು. ಅವಳು ಅಂಗೈ ಕೆಳಗೆ ಮಾಡಿದಳು. ಜಂಬಣ್ಣ ಇಂಜಿನ್ನು ನಿಲ್ಲಿಸಿ ಸೂಜಿ ಒಂದು ಗೀರು ಇಳಿಸಿದ. ಹೊತ್ತಿಸಿದರೆ ಕೀಚಲು ಸ್ವರ. ಅಂಗೈ ಮೇಲೆ ಹೋಯಿತು. ಮೇಲಿನ ಗೀರು ಹೆಚ್ಚು, ಕೆಳಗಿನ ಗೀರು ಕಡಿಮೆ. ಬೇಕಾದದ್ದು ಎರಡರ ನಡುವೆ ಇತ್ತು, ಅಲ್ಲಿ ಗೀರೇ ಇರಲಿಲ್ಲ.

ಅವಳ ಕೈ ನೋಡಿ ನೋಡಿ ಇವನು ಯಾಕೆ ಸ್ಕ್ರೂ ಬಿಚ್ಚುತ್ತಾನೆ, ಮೆಕ್ಯಾನಿಕ್ಕು ಯಾರು ಹಾಗಾದರೆ ಎಂದು ದೊಡ್ಡಹನುಮಯ್ಯ ಕೇಳಿದ. ಅವನ ತುಟಿ ಜಂಬಣ್ಣನಿಗೆ ಕಾಣುತ್ತಿತ್ತು. ಅವನು ಎದ್ದು ನಿಂತು, ಊರಿಗೆ ಊರೇ ಕೇಳುವ ಹಾಗೆ ಉತ್ತರ ಕೊಟ್ಟ.

“ನನಗ ಕಿವಿ ಕೇಳ್ಸಂಗಿಲ್ರೀ. ಈ ತಾಯಿ ಕೇಳ್ತಾರ, ನಾ ಮಾಡ್ತೀನಿ. ಇಬ್ರೂ ಸೇರಿ ಒಬ್ಬ ಮೆಕ್ಯಾನಿಕ್ಕು.”

ಇಷ್ಟು ದಿನ ಬಚ್ಚಿಟ್ಟ ಮಾತನ್ನು ಇಷ್ಟೊಂದು ಮಂದಿಯ ಮುಂದೆ ಹೇಳಿದರೂ ತನಗೆ ಏನೂ ಆಗಲಿಲ್ಲವಲ್ಲ ಎಂದು ಜಂಬಣ್ಣನಿಗೆ ಆಶ್ಚರ್ಯವಾಯಿತು. ಅವನು ಮತ್ತೆ ಕೂತ. ಯಾರ ಹತ್ತಿರವಾದರೂ ಖಾಲಿ ಟಾರ್ಚ್ ಸೆಲ್ಲು ಇದೆಯಾ ಎಂದು ಕೇಳಿದ. ಯಾರೋ ಮನೆಗೆ ಓಡಿ ತಂದುಕೊಟ್ಟರು. ಅದರ ತಲೆಯ ಮೇಲಿನ ಹಿತ್ತಾಳೆಯ ಟೋಪಿಯನ್ನು ಕಿತ್ತು, ಕಲ್ಲಿನ ಮೇಲೆ ಬಡಿದು ಚಪ್ಪಟೆ ಮಾಡಿ, ನಡುವೆ ತೂತು ಕೊರೆದು, ಸುತ್ತ ಕತ್ತರಿಸಿ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ತೆಳುವಾದ ವಾಷರು ಮಾಡಿದ. ಅದನ್ನು ಸೂಜಿಯನ್ನು ಗೀರಿನಲ್ಲಿ ಹಿಡಿದಿಡುವ ಕ್ಲಿಪ್ಪಿನ ಕೆಳಗೆ ತೂರಿಸಿದ. ಸೂಜಿ ಅರ್ಧ ಗೀರಿನಷ್ಟು ಮೇಲೆ ಬಂತು.

ಹಗ್ಗ ಎಳೆದ. ವೇಗವನ್ನು ಅರ್ಧಕ್ಕೆ ತಂದು ಅಕ್ಕಯ್ಯಮ್ಮನ ಕೈ ನೋಡಿದ. ಅವಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಕೈ ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ಸ್ವರ ತಂಬೂರಿಯ ತಂತಿಯ ಹಾಗೆ ಒಂದೇ ಸಮನೆ ನಿಂತಿತ್ತು. ಯಂತ್ರದ ಚೌಕಟ್ಟಿನ ಮೇಲೆ ಇಟ್ಟಿದ್ದ ಜಂಬಣ್ಣನ ಅಂಗೈಗೂ ಅದು ತಿಳಿಯಿತು. ನಡುಕವೆಲ್ಲ ಒಂದೇ ಹದಕ್ಕೆ ಬಂದು, ಮೊಳಕೈ ತನಕ ಏರಿತು. ಅವಳು ಕಣ್ಣು ಬಿಟ್ಟು ಮೊರ ತೆಗೆದುಕೊಂಡಳು.

ರಾಗಿ ಅವಳ ಮೊರದಿಂದ ಕೆಂಪು ಪರದೆಯಂತೆ ಇಳಿಯಿತು. ಹೊಟ್ಟು ಓರೆಯಾಗಿ ಎದ್ದು, ಹೊಗೆಯಂತೆ ತೇಲಿ ಹೋಗಿ ಕಣದ ಅಂಚಿನಾಚೆ ಬಿತ್ತು. ಕಾಳು ನೆಟ್ಟಗೆ ಮಣೆಯ ಮುಂದೆ ಬಿತ್ತು. ಎರಡನೆಯ ಮೊರ, ಮೂರನೆಯ ಮೊರ. ದೊಡ್ಡಹನುಮಯ್ಯ ಹತ್ತಿರ ಬಂದು ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಅಂಗೈಯಲ್ಲಿ ಉಜ್ಜಿ ಊದಿದ. ಊದಿದರೂ ಹಾರುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಅವನು ಪಂಚೆ ಎತ್ತಿ ಕಟ್ಟಿ, ಇನ್ನೊಂದು ಮೊರ ಹಿಡಿದು ಅಕ್ಕಯ್ಯಮ್ಮನಿಗೆ ತುಂಬಿಕೊಡತೊಡಗಿದ. ಅವನ ಹಿಂದೆ ಇನ್ನೂ ಆರೇಳು ಜನ ಬಂದರು. ಸುರಿಯುವವರು ಸುರಿದರು, ಬಳಿಯುವವರು ಬಳಿದರು. ಸೂರ್ಯ ತಲೆಯ ಮೇಲೆ ಬರುವ ಹೊತ್ತಿಗೆ ಅರ್ಧ ರಾಶಿ ಮುಗಿದಿತ್ತು. ಮೂರು ಗಂಟೆಗೆ ಪೂರ್ತಿ ಮುಗಿಯಿತು. ನಡುನಡುವೆ ಪೆಟ್ರೋಲು ತುಂಬಲು, ಇಂಜಿನ್ನಿನ ಬಿಸಿ ಆರಲು ನಿಲ್ಲಿಸಿದ್ದು ಬಿಟ್ಟರೆ ಅದು ಒಮ್ಮೆಯೂ ತಾನಾಗಿ ನಿಲ್ಲಲಿಲ್ಲ.

ರಾಶಿಗೆ ಪೂಜೆ ಮಾಡುವಾಗ ಅಕ್ಕಯ್ಯಮ್ಮ ಯಂತ್ರಕ್ಕೂ ಅರಿಶಿನ ಕುಂಕುಮ ಇಟ್ಟಳು. ದೊಡ್ಡಹನುಮಯ್ಯ ಕೈ ಮುಗಿದು ಎದ್ದವನು ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ಕೊನೆಗೆ ಕೇಳಿಯೇಬಿಟ್ಟ: “ನಾಳೆ ನನ್ನ ಕಣಕ್ಕೂ ತರ್ತೀಯೇನವ್ವ?”

“ತರ್ತೀನಿ ಭಾವ,” ಅಂದಳು ಅಕ್ಕಯ್ಯಮ್ಮ. “ಜಂಬಣ್ಣೋರು ಇರ್ತಾರೋ ಕೇಳಿ. ಎದುರಿಗೆ ನಿಂತು ಕೇಳಿ.”

ಜಂಬಣ್ಣ ಇದ್ದ. ಆ ರಾತ್ರಿ ದೊಡ್ಡಹನುಮಯ್ಯನ ಮನೆಯ ಜಗಲಿಯಲ್ಲೇ ಮಲಗಿದ. ಮುಂದಿನ ಮೂರು ದಿನದಲ್ಲಿ ಬ್ಯಾಡರಹಳ್ಳಿಯ ಒಂಬತ್ತು ಕಣಗಳ ರಾಗಿ ತೂರಿ ಮುಗಿಸಿದರು. ಮಳೆ ಬರಲೇ ಇಲ್ಲ. ಮೋಡ ನಾಲ್ಕನೆಯ ದಿನ ತಾನಾಗಿ ಚದುರಿಹೋಯಿತು. ಅಷ್ಟರಲ್ಲಿ ಯಾರೂ ಆಕಾಶ ನೋಡುತ್ತಿರಲಿಲ್ಲ, ಎಲ್ಲರ ರಾಗಿಯೂ ಮನೆ ಸೇರಿತ್ತು.

ಜಂಬಣ್ಣ ವಿಜಯನಗರಕ್ಕೆ ವಾಪಸು ಬಂದ ದಿನವೇ ಹೈಸ್ಕೂಲ್ ಮೇಷ್ಟರೊಬ್ಬರು ಹೊಗೆ ಕಾರುವ ಸ್ಕೂಟರು ತಳ್ಳಿಕೊಂಡು ಬಂದರು. ಟ್ಯೂನಿಂಗಿಗೆ ಪುರುಸೊತ್ತಿಲ್ಲ ಎಂದೇ ಹೇಳುತ್ತಾನೆಂದು ಅವರೂ ಅಂದುಕೊಂಡಿದ್ದರು, ಒಳಗೆ ಕೂತಿದ್ದ ನೀಲಮ್ಮನೂ ಅಂದುಕೊಂಡಿದ್ದಳು. ಅವನು ಸ್ಟೂಲು ಎಳೆದು ಮೇಷ್ಟರನ್ನು ಇಂಜಿನ್ನಿನ ಪಕ್ಕ ಕೂರಿಸಿದ. ತನಗೆ ಕಿವಿ ಕೇಳುವುದಿಲ್ಲ, ಗೊರಗೊರ ಅಂದರೆ ಅಂಗೈ ಕೆಳಗೆ ಮಾಡಿ, ಕೀಚಲು ಬಂದರೆ ಮೇಲೆ ಮಾಡಿ ಎಂದು ಹೇಳಿಕೊಟ್ಟ. ಮೇಷ್ಟರು ಕನ್ನಡಕ ಸರಿಮಾಡಿಕೊಂಡು, ಪರೀಕ್ಷೆಗೆ ಕೂತವರಂತೆ ಗಂಭೀರವಾಗಿ ಕಿವಿ ಕೊಟ್ಟರು. ಜಂಬಣ್ಣ ಕಿಕ್ಕರ್ ತುಳಿದ, ಒಂದು ಕೈಯನ್ನು ಇಂಜಿನ್ನಿನ ಮೇಲೆ ಇಟ್ಟು ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದ.